ಬಾವಿಗಿಳಿದ ಮುದುಕನನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಚಿಕ್ಕವನಿದ್ದಾಗ ಬೆಂಗಳೂರು ದೂರದರ್ಶನದಲ್ಲಿ ಒಂದು ವಿಚಿತ್ರ ಕಾರ್ಯಕ್ರಮ ನೋಡಿದ್ದೆ. ಕೆಂಪು ರುಮಾಲು ಸುತ್ತಿದ ಮುದುಕನೊಬ್ಬ ಕಂದೀಲು ಹಿಡಿದು ಬಾವಿಯ ಮೆಟ್ಟಿಲು ಎಣಿಸುತ್ತಾ ಇಳಿಯುತ್ತಾನೆ. ನೀರು ಮುಟ್ಟುವ ಮೆಟ್ಟಿಲಿಗೆ ಬಂದು ನಿಲ್ಲುತ್ತಾನೆ. ತಿರುಗಿ ನಮ್ಮನ್ನೇ ನೋಡಿ ಏನೋ ಹೇಳುತ್ತಾನೆ. ಬಾಯಿ ಅಲ್ಲಾಡುವುದಕ್ಕೂ ಮಾತಿಗೂ ತಾಳೆಯೇ ಇರಲಿಲ್ಲ, ಅದಕ್ಕೇ ಇನ್ನಷ್ಟು ಹೆದರಿಕೆ. ಶಾಲೆಯ ಅಂಗಳದಲ್ಲಿ ಅಕ್ಕನ ತೊಡೆ ಮೇಲೆ ಕೂತು ನೋಡಿದ್ದು. ಅಕ್ಕನ ಮದುವೆ 1977ರ ಬೇಸಿಗೆಯಲ್ಲಿ ಆಯಿತು, ಆಮೇಲೆ ಅವಳು ಊರಲ್ಲಿ ಇರಲಿಲ್ಲ. ಅವಳನ್ನು ಕೇಳಿದರೆ "ಅಂಥಾದ್ದೇನೂ ಇದ್ದಿಲ್ಲ, ಕನಸು ಕಂಡಿರಬೇಕು ನೀ" ಅಂತಾಳೆ. ಯೂಟ್ಯೂಬಿನಲ್ಲಿ ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಇಂಥ ಮರೆತುಹೋದ ಕನ್ನಡ ಕಾರ್ಯಕ್ರಮಗಳನ್ನು ಹುಡುಕುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಸಾಲು ಮುದುಕನದ್ದಲ್ಲ, ಅಕ್ಕನ ಮದುವೆಯದ್ದು.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅಕ್ಕ 1977ರಲ್ಲೇ ಗಂಡನ ಮನೆಗೆ ಹೋಗಿದ್ದರೆ, ಅವರ ತೊಡೆ ಮೇಲೆ ಕೂತು ನೀವು ಬೆಂಗಳೂರು ದೂರದರ್ಶನ ನೋಡಿರಲು ಸಾಧ್ಯವೇ ಇಲ್ಲ. ಹಾಗಂತ ಅಕ್ಕ ಹೇಳಿದ್ದು ಸರಿ ಅಂತಲೂ ಅಲ್ಲ. ನೀವು ಟಿವಿ ನೋಡಿದ್ದು ನಿಜ. ಅದು ಬೆಂಗಳೂರಿನದ್ದಲ್ಲ, ಅಷ್ಟೇ. ಬೆಂಗಳೂರಿನವರಿಗೆ ಕನ್ನಡ ಟಿವಿ ಬರುವ ಆರು ವರ್ಷ ಮೊದಲೇ ನಿಮ್ಮ ಕಡೆಯ ಹಳ್ಳಿಗಳಿಗೆ ಕನ್ನಡ ಟಿವಿ ಬಂದು, ಒಂದು ವರ್ಷ ಇದ್ದು, ಹೋಗಿಯೂ ಆಗಿತ್ತು.

ಅದರ ಹೆಸರು ಸೈಟ್, ಅಂದರೆ ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಟಿವಿ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಕಡ ಕೊಟ್ಟಿತ್ತು. ನಮ್ಮ ಇಸ್ರೋ ಮತ್ತು ಆಕಾಶವಾಣಿ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟವು. ಆಗ ದೂರದರ್ಶನ ಇನ್ನೂ ಆಕಾಶವಾಣಿಯ ಮನೆಯೊಳಗೇ ಇತ್ತು, ಬೇರೆ ಬಿಡಾರ ಹೂಡಿದ್ದು 1976ರ ಏಪ್ರಿಲ್ 1ಕ್ಕೆ. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ವಿಜಾಪುರ, ಗುಲ್ಬರ್ಗ, ರಾಯಚೂರು. ಮೈಸೂರಿಲ್ಲ, ಮಂಗಳೂರಿಲ್ಲ, ಬೆಂಗಳೂರಂತೂ ಇಲ್ಲವೇ ಇಲ್ಲ. ಕನ್ನಡ ಟಿವಿಯ ಮೊದಲ ಪ್ರೇಕ್ಷಕರು ಯಾರು ಅಂತ ಕೇಳಿದರೆ ರಾಜಧಾನಿಯವರನ್ನು ತೋರಿಸುವುದು ನಮಗೆ ರೂಢಿ. ಶಾಲೆ ಅಂಗಳದಲ್ಲಿ ಧೂಳಿನ ಮೇಲೆ ಕೂತಿದ್ದ ನಿಮ್ಮಂಥವರನ್ನು ತೋರಿಸಬೇಕಿತ್ತು, ಅಲ್ವಾ?

ಈಗ ಒಂದು ಸಂಗತಿ ನೆನಪು ಮಾಡಿಕೊಳ್ಳಿ. ಶಾಲೆಯ ಹತ್ತಿರ ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ದೊಡ್ಡ ಬುಟ್ಟಿಯಂಥದ್ದು ಇತ್ತಾ? ಸುಮಾರು ಹತ್ತು ಅಡಿ ಅಗಲ, ಆಕಾಶಕ್ಕೆ ಬಾಯಿ ತೆರೆದಂತೆ? ಅದು ಉಪಗ್ರಹದ ಸಿಗ್ನಲ್ ಹಿಡಿಯುವ ಆಂಟೆನಾ. ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್. ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ ಮೇಲೆ ಓಡಿಸಿದ್ದೂ ಉಂಟು. (ಇಂಥದ್ದೇ ಒಂದು ಆಂಟೆನಾವನ್ನು ಇಸ್ರೋದವರು ಕೊಲಂಬೊದಲ್ಲಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮನೆಯಲ್ಲೂ ಹಾಕಿಕೊಟ್ಟಿದ್ದರು. ಅವರೂ ನೀವೂ ಒಂದೇ ಕಾಲಕ್ಕೆ ಒಂದೇ ಉಪಗ್ರಹದ ಟಿವಿ ನೋಡಿದವರು!)

ಪ್ರಸಾರ ಬೆಳಿಗ್ಗೆ ಒಂದೂವರೆ ಗಂಟೆ ಕಾಲ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಕಾಲ ದೊಡ್ಡವರಿಗೆ. ಸಂಜೆಯದ್ದರಲ್ಲಿ ಅರ್ಧ ಗಂಟೆ ಎಲ್ಲ ರಾಜ್ಯಗಳಿಗೂ ಸೇರಿ ಹಿಂದಿಯಲ್ಲಿ ಬರುತ್ತಿತ್ತು. ಉಳಿದದ್ದು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು, ಕುಣಿತ, ನಾಟಕ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಕರ್ನಾಟಕದಲ್ಲಲ್ಲ, ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ತೆಲುಗಿನವೂ ಅಲ್ಲೇ.

ಇಲ್ಲಿಗೆ ನಿಮ್ಮ ಪತ್ರದ ಎರಡನೇ ಒಳ್ಳೆಯ ಸಾಲು. ತುಟಿಗೂ ಮಾತಿಗೂ ತಾಳೆ ಇರಲಿಲ್ಲ ಅಂದಿರಿ. ಅದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸೈಟ್‌ನಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಏರ್ಪಾಟು ಇತ್ತು. ಅದೇ ಚಿತ್ರ, ಒಂದು ಕಡೆ ಒಂದು ಭಾಷೆ, ಇನ್ನೊಂದು ಕಡೆ ಇನ್ನೊಂದು. ನಿಮ್ಮ ಮುದುಕ ತೆಲುಗಿನಲ್ಲಿ ಮಾತಾಡಿ ನಿಮಗೆ ಕನ್ನಡದಲ್ಲಿ ಕೇಳಿಸಿದ್ದಿರಬಹುದು. ಆರೇಳು ವರ್ಷದ ಹುಡುಗನಿಗೆ ಡಬ್ಬಿಂಗ್ ಅಂದರೆ ಏನು ಗೊತ್ತು? ಬಾಯಿ ಒಂದು, ಮಾತು ಇನ್ನೊಂದು ಅಂದರೆ ಅದು ದೆವ್ವವೇ. ಕನಸಿನಲ್ಲಿ ಇಂಥ ತಾಂತ್ರಿಕ ವಿವರ ಹುಟ್ಟುವುದು ಕಡಿಮೆ. ಅದಕ್ಕೇ ನಾನು ನಿಮ್ಮ ಪರ.

ಆದರೆ ರುಮಾಲಿನ ಕೆಂಪು ಬಣ್ಣ ಬಿಟ್ಟುಬಿಡಿ. ಆ ಸೆಟ್ಟುಗಳು ಕಪ್ಪು-ಬಿಳುಪು. ನಮ್ಮ ದೇಶದ ಟಿವಿಗೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ಕೆಂಪು ರುಮಾಲು ನಿಮ್ಮೂರಿನ ಯಾರದ್ದೋ ತಲೆಯಿಂದ ಇಳಿದು ಆ ಮುದುಕನ ತಲೆಗೆ ಏರಿದೆ. ಇದು ತಪ್ಪೇನಲ್ಲ, ಎಲ್ಲರಿಗೂ ಆಗುತ್ತದೆ. ನನ್ನ ಅನುಭವದಲ್ಲಿ ನೆನಪು ಚೂರುಗಳನ್ನು ಚೆನ್ನಾಗಿ ಕಾಪಾಡುತ್ತದೆ, ಹೊಲಿಗೆಯಲ್ಲಿ ಎಡವುತ್ತದೆ. ದೃಶ್ಯ ಸರಿ ಇರುತ್ತದೆ. ಅದಕ್ಕೆ ಅಂಟಿಸಿದ ವರ್ಷ, ವಾಹಿನಿ, ಬಣ್ಣ, ಹೆಸರು ಇವೆಲ್ಲ ಆಮೇಲೆ ಬಂದು ಸೇರಿಕೊಂಡಿರುತ್ತವೆ. ಹಳೆಯ ಟಿವಿ ಅಂದರೆ ಬೆಂಗಳೂರು ದೂರದರ್ಶನ ಅಂತ ಎಲ್ಲರೂ ಅನ್ನುವುದು ಕೇಳಿ ಕೇಳಿ, ನಿಮ್ಮ ಮುದುಕನಿಗೂ ಆ ಚೀಟಿ ಅಂಟಿಸಿದ್ದೀರಿ. ಅದೇ ಚೀಟಿ ಹಿಡಿದು ಯೂಟ್ಯೂಬಿನಲ್ಲಿ ಹುಡುಕಿದ್ದಕ್ಕೇ ಏನೂ ಸಿಗಲಿಲ್ಲ.

ಹಾಗಾದರೆ ಆ ಬಾವಿ ಏನು? ಇದು ನನ್ನ ಊಹೆ, ಊಹೆ ಅಂತಲೇ ತಗೊಳ್ಳಿ. ನಿಮ್ಮ ಜಿಲ್ಲೆಯ ಹಳಬರಿಗೆ ನಾರುಹುಣ್ಣು ಗೊತ್ತಿರುತ್ತದೆ. ಕಾಲಿನ ಗುಳ್ಳೆಯಿಂದ ಬಿಳಿ ದಾರದಂಥ ಹುಳು ಹೊರಗೆ ಬರುವ ರೋಗ. ಅದು ಹರಡುತ್ತಿದ್ದದ್ದೇ ಮೆಟ್ಟಿಲು ಬಾವಿಗಳಿಂದ. ಹುಣ್ಣಿದ್ದವರು ನೀರಿಗೆ ಕಾಲಿಟ್ಟರೆ ಹುಳು ಮರಿಗಳನ್ನು ಬಿಡುತ್ತದೆ. ನೀರಿನ ಸಣ್ಣ ಜೀವಿಗಳು ಅವನ್ನು ನುಂಗುತ್ತವೆ. ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ಹುಣ್ಣು. ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ನೀರಿಗೆ ಇಳಿಯಬೇಡಿ, ಮೇಲಿನಿಂದ ಸೇದಿಕೊಳ್ಳಿ ಅನ್ನುವುದೇ ಅದಕ್ಕೆ ಮದ್ದು. ಈಗ ನಿಮ್ಮ ಮುದುಕನನ್ನು ಇನ್ನೊಮ್ಮೆ ನೋಡಿ. ಮೆಟ್ಟಿಲು ಇಳಿಯುತ್ತಾನೆ, ನೀರು ಮುಟ್ಟುವ ಜಾಗಕ್ಕೆ ಬಂದು ನಿಲ್ಲುತ್ತಾನೆ, ತಿರುಗಿ ನೋಡುವವರಿಗೆ ಏನೋ ಹೇಳುತ್ತಾನೆ. ದೆವ್ವದ ಕಥೆಯಲ್ಲಿ ಅವನು ನೀರಿನೊಳಗೆ ಹೋಗಬೇಕಿತ್ತು. ನಿಂತು ಬುದ್ಧಿ ಹೇಳುವವನು ಆರೋಗ್ಯ ಇಲಾಖೆಯ ಪಾತ್ರದ ಹಾಗೆ ಕಾಣುತ್ತಾನೆ. (ಈ ರೋಗ ದೇಶದಿಂದಲೇ ಹೋಯಿತು. ಕೊನೆಯ ರೋಗಿ ಕಂಡದ್ದು 1996ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಪ್ರಮಾಣಪತ್ರ ಕೊಟ್ಟಿತು.)

ಮಕ್ಕಳಾಗಿದ್ದಾಗ ನೋಡಿದ ವಿಚಿತ್ರ ಕಾರ್ಯಕ್ರಮ ಅಂತ ಜನ ನನಗೆ ಬರೆಯುವುದರಲ್ಲಿ ಅರ್ಧದಷ್ಟು ಕೊನೆಗೆ ಇಂಥ ಪಾಠದ ಕಾರ್ಯಕ್ರಮವೇ ಆಗಿರುತ್ತದೆ. ಗೊಬ್ಬರದ ಲೆಕ್ಕ, ಲಸಿಕೆಯ ಗೊಂಬೆಯಾಟ, ಯುಜಿಸಿಯವರ ಕಾಲೇಜು ಪಾಠ. ದೊಡ್ಡವರಿಗೆ ಮಾಡಿದ್ದನ್ನು ಮಕ್ಕಳು ನೋಡಿ, ಅರ್ಥವಾಗದೆ, ತಮ್ಮದೇ ಕಥೆ ಕಟ್ಟಿಕೊಂಡಿರುತ್ತಾರೆ.

ಅಕ್ಕನವರಿಗೆ ಯಾಕೆ ನೆನಪಿಲ್ಲ ಅನ್ನುವುದು ದೊಡ್ಡ ಒಗಟೇನಲ್ಲ. ಹದಿನೇಳು ಹದಿನೆಂಟು ವಯಸ್ಸಿನವರಿಗೆ ಅದು ಹೆದರಿಸುವ ಮುದುಕನಲ್ಲ, ಬೇಸರದ ಆರೋಗ್ಯ ಪಾಠ. ಬೇಸರದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವರನ್ನು "ಬಾವಿಯ ಮುದುಕ ನೆನಪಿದ್ದಾನಾ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಒಂದೋ ಇಲ್ಲ ಅನ್ನುತ್ತಾರೆ, ಇಲ್ಲವೇ ನಿಮ್ಮ ಮುದುಕನನ್ನೇ ಎರವಲು ಪಡೆದು ಹೌದು ಅನ್ನುತ್ತಾರೆ. ಎರಡೂ ಪ್ರಯೋಜನವಿಲ್ಲ. ಟಿವಿ ಎಲ್ಲಿಟ್ಟಿದ್ದರು, ಬೀಗದ ಕೈ ಯಾರ ಹತ್ತಿರ ಇತ್ತು, ಗಂಡಸರು ಎಲ್ಲಿ ಕೂರುತ್ತಿದ್ದರು, ಹೆಂಗಸರು ಎಲ್ಲಿ, ಇದನ್ನು ಕೇಳಿ. ಪ್ರತಿ ಸೆಟ್ಟಿಗೂ ಊರಿನ ಒಬ್ಬರನ್ನು ಉಸ್ತುವಾರಿಗೆ ಇಟ್ಟಿದ್ದರು, ಸಾಮಾನ್ಯವಾಗಿ ಶಾಲೆ ಮಾಸ್ತರು. ಆ ಮಾಸ್ತರ ಮನೆಯವರು ಈಗಲೂ ಊರಲ್ಲಿದ್ದರೆ ಒಂದು ಸಂಜೆ ಅಲ್ಲಿ ಹೋಗಿ ಕೂತು ಬನ್ನಿ. ಹಳೆಯ ಟ್ರಂಕಿನಲ್ಲಿ ಒಂದು ಫೋಟೊ ಸಿಕ್ಕರೂ ಸಾಕು.

ಕಾಗದದ ಜಾಡು ಬೇಕಿದ್ದರೆ ಅದು ಅಹಮದಾಬಾದಿಗೆ ಹೋಗುತ್ತದೆ, ಬೆಂಗಳೂರಿಗಲ್ಲ. ಸೈಟ್ ಪ್ರಯೋಗದ ಬೆನ್ನೆಲುಬಾಗಿದ್ದದ್ದು ಇಸ್ರೋದ ಅಹಮದಾಬಾದ್ ಕೇಂದ್ರ. ನಮ್ಮ ಟಿವಿ ಇತಿಹಾಸದಲ್ಲಿ ಇಷ್ಟು ಕೂಲಂಕಷವಾಗಿ ಅಧ್ಯಯನ ಮಾಡಿದ ಇನ್ನೊಂದು ವರ್ಷ ಇಲ್ಲ ಅಂತಲೇ ಹೇಳಬಹುದು. ಸಂಶೋಧಕರು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಉಳಿದು ಯಾರು ನೋಡುತ್ತಾರೆ, ಯಾರು ಎದ್ದು ಹೋಗುತ್ತಾರೆ ಅಂತ ಬರೆದುಕೊಂಡಿದ್ದರು. ವರದಿಗಳು ಅಚ್ಚಾಗಿವೆ. ಕಾರ್ಯಕ್ರಮದ ಟೇಪು ಸಿಗುವುದಕ್ಕಿಂತ, ಅದನ್ನು ನೋಡುತ್ತಿದ್ದ ನಿಮ್ಮಂಥ ಹುಡುಗನ ಬಗ್ಗೆ ಒಂದು ಸಾಲು ಸಿಗುವ ಸಾಧ್ಯತೆಯೇ ಜಾಸ್ತಿ.

ಟೇಪು ಯಾಕೆ ಸಿಗುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಬೆಂಗಳೂರಿನ 80ರ ದಶಕಕ್ಕೂ ಅನ್ವಯಿಸುತ್ತದೆ. ಆಗಿನ ಟೇಪು ದುಬಾರಿ, ಹೊರದೇಶದ ಮಾಲು. ಒಂದು ಟೇಪಿನ ಮೇಲೆ ಹತ್ತಾರು ಸಲ ರೆಕಾರ್ಡ್ ಮಾಡಬಹುದಿತ್ತು, ಮಾಡುತ್ತಿದ್ದರು. ನಿನ್ನೆಯ ರೈತರ ಸಂದರ್ಶನ ಇಟ್ಟುಕೊಂಡು ಏನು ಮಾಡುವುದು? ಅಳಿಸು, ಇವತ್ತಿನದ್ದು ಹಾಕು. ಇದು ಬರೀ ನಮ್ಮ ದಡ್ಡತನ ಅಲ್ಲ. ಬ್ರಿಟನ್ನಿನ ಬಿಬಿಸಿಯಂಥ ಬಿಬಿಸಿಯೇ 60ರ ದಶಕದ ತನ್ನ ಜನಪ್ರಿಯ ಧಾರಾವಾಹಿಗಳನ್ನು ಹೀಗೆ ಅಳಿಸಿ ಹಾಕಿದೆ. ಅವರ 'ಡಾಕ್ಟರ್ ಹೂ' ಧಾರಾವಾಹಿಯ ಕಳೆದುಹೋಗಿದ್ದ ಒಂಬತ್ತು ಕಂತುಗಳು 2013ರಲ್ಲಿ ಎಲ್ಲಿ ಸಿಕ್ಕವು ಗೊತ್ತಾ? ನೈಜೀರಿಯಾದ ಒಂದು ಟಿವಿ ಕೇಂದ್ರದ ಕಪಾಟಿನಲ್ಲಿ. ಬೇರೆ ದೇಶಕ್ಕೆ ಮಾರಿದ ಪ್ರತಿ ಅಲ್ಲೇ ಉಳಿದಿತ್ತು. ಮಾಡಿದ ಕಡೆ ಇಲ್ಲದ್ದು ತೋರಿಸಿದ ಕಡೆ ಉಳಿದಿರುತ್ತದೆ, ಕೆಲವು ಸಲ.

ನನ್ನ ಮೇಜಿನ ಮೇಲೆ ಈಗ ಒಂದು ಯು-ಮ್ಯಾಟಿಕ್ ಕ್ಯಾಸೆಟ್ ಇದೆ. ಮುಕ್ಕಾಲು ಇಂಚಿನ ಟೇಪು, ದಪ್ಪ ಪುಸ್ತಕದಷ್ಟು ತೂಕ. 80ರ ದಶಕದಲ್ಲಿ ಸುದ್ದಿಗೂ ಸಣ್ಣ ಕಾರ್ಯಕ್ರಮಗಳಿಗೂ ಇದೇ ಬಳಕೆ. ಇದರ ಬೆನ್ನಿನ ಮೇಲೆ ಒಂದರ ಮೇಲೊಂದು ಮೂರು ಚೀಟಿ. ಮೇಲಿನದರಲ್ಲಿ ನೀಲಿ ಶಾಯಿಯಲ್ಲಿ "ಉದ್ಘಾಟನೆ". ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಕೆಳಗೆ "ಸುಗಮ ಸಂಗೀತ". ಅದರ ಕೆಳಗಿನದರಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗಿ, "ಮಕ್ಕಳ ನಾ" ಅಂತ ಮಾತ್ರ ಉಳಿದಿದೆ. ಮಕ್ಕಳ ನಾಟಕ ಇದ್ದಿರಬೇಕು. ಆ ನಾಟಕದ ಮಕ್ಕಳಿಗೆ ಈಗ ಐವತ್ತು ದಾಟಿರುತ್ತದೆ. ಟೇಪಿನಲ್ಲಿ ಇರುವುದು ಯಾರೋ ರಿಬ್ಬನ್ ಕತ್ತರಿಸುವ ದೃಶ್ಯ.

ಇನ್ನು ನಿಮ್ಮ ಪ್ರಶ್ನೆಯ ಕೊನೆಯ ಭಾಗ. ಸೈಟ್ ಅಲ್ಲದೆ, ನಿಜಕ್ಕೂ ಬೆಂಗಳೂರು ದೂರದರ್ಶನದ್ದೇ ಆದ ಕಾರ್ಯಕ್ರಮ ಹುಡುಕುವವರಿಗೆ ಒಂದೆರಡು ಮಾತು. ಮೊದಲು ಊರಿನ ಟ್ರಾನ್ಸ್‌ಮಿಟರ್ ವಿಚಾರಿಸಿ. 80ರ ದಶಕದ ನಡುವೆ ಸಣ್ಣ ಊರುಗಳಿಗೆ ಬಂದ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳು ದೆಹಲಿಯದ್ದನ್ನು ತೋರಿಸುತ್ತಿದ್ದವೇ ಹೊರತು ಬೆಂಗಳೂರಿನದ್ದನ್ನಲ್ಲ. ಒಂದೇ ರಾಜ್ಯ, ಒಂದೇ ವರ್ಷ, ಒಂದೂರಿನವರಿಗೆ ಚಿತ್ರಗೀತೆಗಳ 'ಚಿತ್ರಮಂಜರಿ' ಕಣ್ಣಿಗೆ ಕಟ್ಟಿದ ಹಾಗಿದ್ದರೆ ಇನ್ನೊಂದೂರಿನವರಿಗೆ ಹೆಸರೂ ಗೊತ್ತಿಲ್ಲ. ಗಂಡ ಹೆಂಡತಿ ಇದರ ಮೇಲೆ ಜಗಳ ಆಡಿದ್ದು ನಾನು ಕಂಡಿದ್ದೇನೆ. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು.

ಎರಡನೆಯದು, ಅದು ದೂರದರ್ಶನ ಕೇಂದ್ರದವರೇ ಮಾಡಿದ್ದೋ ಹೊರಗಿನ ನಿರ್ಮಾಪಕರು ಪ್ರಾಯೋಜಕರ ದುಡ್ಡಿನಲ್ಲಿ ಮಾಡಿದ್ದೋ ನೋಡಿ. ಕೇಂದ್ರದವರದ್ದಾದರೆ ಪ್ರಸಾರ ಭಾರತಿಯ ಭಂಡಾರದಲ್ಲಿ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರ ಯೂಟ್ಯೂಬ್ ವಾಹಿನಿಗಳಲ್ಲಿ ಮತ್ತು 2024ರ ನವೆಂಬರಿನಲ್ಲಿ ಶುರುವಾದ ವೇವ್ಸ್ ಆ್ಯಪಿನಲ್ಲಿ ಹಳೆಯವು ಒಂದೊಂದಾಗಿ ಬರುತ್ತಿವೆ. ಹೊರಗಿನವರದ್ದಾದರೆ ನಿರ್ಮಾಪಕರ ಮನೆಯ ಅಟ್ಟದಲ್ಲಿ ಒಂದು ಪ್ರತಿ ಇರುವ ಸಂಭವ ಇದೆ. ಧಾರಾವಾಹಿಗಳು ಬಿಡಿ ಕಾರ್ಯಕ್ರಮಗಳಿಗಿಂತ ಚೆನ್ನಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ಮೂರನೆಯದು, ಹೆಸರಿನ ಹಿಂದೆ ಬೀಳಬೇಡಿ, ಶಬ್ದದ ಹಿಂದೆ ಹೋಗಿ. ಸದಾನಂದ ಸುವರ್ಣ ನಿರ್ದೇಶಿಸಿದ 'ಗುಡ್ಡದ ಭೂತ' ಧಾರಾವಾಹಿ ನೋಡಿದವರನ್ನು ಕಥೆ ಏನು ಅಂತ ಕೇಳಿ. ತಡವರಿಸುತ್ತಾರೆ. ಅದರಲ್ಲಿ ಪ್ರಕಾಶ್ ರೈ ಇದ್ದರು ಅನ್ನುವುದೂ ಕೆಲವರಿಗೆ ಮರೆತಿರುತ್ತದೆ. ಆದರೆ "ಡೆನ್ನಾನ ಡೆನ್ನಾನ" ಅಂದರೆ ಸಾಕು, ಮುಂದಿನದನ್ನು ಅವರೇ ಹಾಡುತ್ತಾರೆ. ತುಳು ಬಾರದವರೂ! ಹೆಸರು ಉಳಿಯುವುದಕ್ಕೆ ಬೇರೆ ದಾರಿಗಳೂ ಇವೆ. 'ಸಿಹಿ ಕಹಿ' ಧಾರಾವಾಹಿಯ ಒಂದು ಕಂತನ್ನೂ ನೋಡದ ಇಂದಿನ ಹುಡುಗರು ಸಿಹಿ ಕಹಿ ಚಂದ್ರು ಅನ್ನುವಾಗ ದಿನಾ ಆ ಧಾರಾವಾಹಿಯ ಹೆಸರು ಹೇಳುತ್ತಿರುತ್ತಾರೆ, ಗೊತ್ತಿಲ್ಲದೆ.

ದಿನಪತ್ರಿಕೆಗಳಲ್ಲಿ ಬರುತ್ತಿದ್ದ ಟಿವಿ ಕಾರ್ಯಕ್ರಮಗಳ ಪಟ್ಟಿ ಒಳ್ಳೆಯ ಆಧಾರ. ದೊಡ್ಡ ಗ್ರಂಥಾಲಯಗಳಲ್ಲಿ ಬೈಂಡ್ ಮಾಡಿಟ್ಟ ಸಂಪುಟ ಕೇಳಿ. ವರ್ಷ ಗೊತ್ತಿಲ್ಲದೆ ಹೋದರೆ ಮಾತ್ರ ಸೊಂಟ ಬಿದ್ದುಹೋಗುತ್ತದೆ. ಅದಕ್ಕೇ ಮೊದಲು ಮದುವೆ, ಗೃಹಪ್ರವೇಶ, ಯಾರ ಮನೆಗೆ ಮೊದಲು ಟಿವಿ ಬಂತು ಅನ್ನುವುದರಿಂದ ವರ್ಷ ಹಿಡಿಯಿರಿ. ಟಿವಿಗೆ ಲೈಸೆನ್ಸ್ ಬೇಕಿದ್ದ ಕಾಲದ ಪುಸ್ತಕ ಮನೆಯಲ್ಲಿ ಉಳಿದಿದ್ದರೆ ಅದೂ ಸಹಾಯಕ್ಕೆ ಬರುತ್ತದೆ.

ಕೊನೆಗೆ ಮನೆಯ ವಿಎಚ್ಎಸ್ ಕ್ಯಾಸೆಟ್. ಇದರಲ್ಲಿ ನನಗೆ ನಂಬಿಕೆ ಜಾಸ್ತಿ. ಒಮ್ಮೆ ಒಬ್ಬರು ನಾಮಕರಣದ ಕ್ಯಾಸೆಟ್ ತಂದುಕೊಟ್ಟರು, ಮೂರು ಗಂಟೆಯದ್ದು. ಸಮಾರಂಭ ಎರಡೂ ಮುಕ್ಕಾಲು ಗಂಟೆಗೆ ಮುಗಿಯಿತು. ನಾನು ಸುಮ್ನೆ ಓಡಲು ಬಿಟ್ಟೆ. ಪರದೆಯಲ್ಲಿ ಹಿಮ ಬಿದ್ದ ಹಾಗೆ ಚುಕ್ಕೆ, ಆಮೇಲೆ ಥಟ್ಟನೆ ಒಬ್ಬ ನಿರೂಪಕಿ, ಕಿವಿ ಮೇಲೆ ಕನಕಾಂಬರ, "ಈಗ ನೀವು ನೋಡಲಿರುವುದು" ಅನ್ನುವಷ್ಟರಲ್ಲಿ ಅಡಚಣೆಯ ಫಲಕ. ಅದರ ಹಿಂದೆಯೇ ನಾಲ್ಕು ನಿಮಿಷ ಹಗಲುವೇಷದವರ ಹಾಡು. ಕ್ಯಾಸೆಟ್ ತಂದವರಿಗೆ ಬೇಕಿದ್ದದ್ದು ಮಗುವಿನ ತೊಟ್ಟಿಲು. ನನಗೆ ಬೇಕಿದ್ದದ್ದು ಆ ಹದಿನೈದು ನಿಮಿಷದ ಬಾಲ. ಹಾಗಾಗಿ ಕ್ಯಾಸೆಟ್ ಕೊನೆಯವರೆಗೂ ನೋಡಿ. ಆದರೆ ಓಡಿಸುವ ಮೊದಲು ಕಿಟಕಿಯಲ್ಲಿ ಸುರುಳಿಯನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಸ್ಟು. ಯಂತ್ರಕ್ಕೆ ಹಾಕಬೇಡಿ, ಟೇಪೂ ಹೋಗುತ್ತದೆ, ಹೆಡ್ಡೂ ಕೆಡುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಶುಚಿ ಮಾಡಿಸಿದ ಮೇಲೇ ನಕಲು. ಕ್ಯಾಸೆಟ್ಟಿನ ಬೆನ್ನಿನ ತುದಿಯಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಆಗ ಯಾರೂ ಅದರ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡಲಾಗದು.

ನಿಮ್ಮ ಮುದುಕನಿಗೆ ವಿಎಚ್ಎಸ್ ಭಾಗ್ಯ ಇರಲಿಲ್ಲ. 1976ರ ಜುಲೈ ಮುಗಿಯುತ್ತಿದ್ದಂತೆ ಉಪಗ್ರಹ ವಾಪಸ್ ಹೋಯಿತು, ನಿಮ್ಮ ಶಾಲೆಯ ಪರದೆ ಖಾಲಿಯಾಯಿತು. ಮುಂದೆ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂದರೂ ಅದರ ಕೈ ನಿಮ್ಮೂರಿನವರೆಗೆ ಚಾಚುವುದು ಕಷ್ಟವಿತ್ತು. ಅಕ್ಕನವರನ್ನು ಇದನ್ನೂ ಕೇಳಿ: ಟಿವಿ ನಿಂತುಹೋದ ಮೇಲೆ ಆ ತಂತಿ ಬಲೆಯ ಬುಟ್ಟಿಯನ್ನು ಊರವರು ಏನು ಮಾಡಿದರು? ಬಂದ ಉತ್ತರ ನನಗೂ ಬರೆದು ಕಳಿಸಿ.